ಬೋರ್ ಆಗಿ ಬಂದ ಇಂಜಿನ್‌ಗೆ ಮೊದಲ ಆಯಿಲ್: ಕಾಸರಗೋಡಿನ ಅಂಗಡಿಗಳಲ್ಲಿ ಸಿಗುವ ಡಬ್ಬಗಳಲ್ಲಿ ಯಾವುದು ಸರಿ, ಯಾವುದು ದಂಡ

ಸವೆದ ಸಿಲಿಂಡರನ್ನು ಲೇತಿನಲ್ಲಿ ಕೊರೆಸಲು, ಅಂದರೆ ಬೋರಿಂಗ್‌ಗೆ, ಕೊಟ್ಟ ಬ್ಲಾಕ್ ವಾಪಸು ಬಂತು, ಪಿಸ್ಟನ್ ಸೆಟ್ ಬಂತು, ಹೆಡ್ ಗ್ಯಾಸ್ಕೆಟ್ ಕೂತಿತು. ಇನ್ನು ಆಯಿಲ್ ಹಾಕಿ ಸೆಲ್ಫ್ ಹೊಡೆಯುವುದೊಂದೇ ಬಾಕಿ. ಚೆರ್ಕಳದಿಂದ ಹೊಸಂಗಡಿಯವರೆಗೆ ಯಾವ ಗ್ಯಾರೇಜಿನಲ್ಲಿ ನಿಂತರೂ ಈ ಹೊತ್ತಿನಲ್ಲಿ ಕೇಳಿಬರುವುದು ಎರಡೇ ಮಾತು. ಒಂದು, ‘ಇಷ್ಟು ಸಾವಿರ ಸುರಿದಾಯಿತು, ಆಯಿಲ್‌ನಲ್ಲಿ ಯಾಕೆ ಜಿಪುಣತನ, ಫುಲ್ ಸಿಂಥೆಟಿಕ್ ಹಾಕಿಬಿಡಿ.’ ಇನ್ನೊಂದು, ‘ಹೇಗೂ ಚೆಲ್ಲುವ ಆಯಿಲ್ ಅಲ್ಲವಾ, ಬ್ಯಾರಲ್‌ನ ಲೂಸ್ ಆಯಿಲ್ ಧಾರಾಳ ಸಾಕು.’ ಎರಡೂ ತಪ್ಪು. ಮೊದಲನೆಯದರಲ್ಲಿ ದುಡ್ಡು ದಂಡ, ಎರಡನೆಯದರಲ್ಲಿ ಇಂಜಿನ್ ದಂಡ.

ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಹಳೆಯ ಡೀಸೆಲ್ ಜೀಪು, ಪಿಕಪ್, ಓಮ್ನಿ ಇಂಥವಕ್ಕೆ ಹೆಸರಿರುವ ಯಾವುದೇ ಕಂಪೆನಿಯ ಮಿನರಲ್ 15ಡಬ್ಲ್ಯು-40, ಹಿಂದಿನ ಲೇಬಲ್ಲಿನಲ್ಲಿ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ದರ್ಜೆ) ಸಿಐ-4 ಅಥವಾ ಸಿಐ-4 ಪ್ಲಸ್ ಎಂದಿರುವುದು. ಗೇರ್ ಬೈಕಿಗೆ ಕಂಪೆನಿ ಹೇಳಿದ ದಪ್ಪದ ಮಿನರಲ್ 4ಟಿ, ಜಾಸೊ (ಜಪಾನಿನ ಬೈಕ್ ಆಯಿಲ್ ದರ್ಜೆ) ಎಂಎ ಅಥವಾ ಎಂಎ2 ಮುದ್ರೆ ಇರುವುದು. ಉಳಿದ ದುಡ್ಡನ್ನು ದುಬಾರಿ ಡಬ್ಬಕ್ಕೆ ಕೊಡಬೇಡಿ. ಅದೇ ದುಡ್ಡಿನಲ್ಲಿ ಆಯಿಲನ್ನು ಮೂರು ಸಲ ಬದಲಿಸಿ. ಹೊಸ ಬೋರಿನ ಇಂಜಿನ್‌ಗೆ ಮೊದಲ ಆಯಿಲ್ ಬಾಳಿಕೆಗಾಗಿ ಅಲ್ಲ, ಹೊರಗೆ ಚೆಲ್ಲುವುದಕ್ಕಾಗಿಯೇ ಹಾಕುವುದು.

ರಿಂಗ್ ಕೂರುವುದು ಎಂದರೆ ಏನು

ಹೋನಿಂಗ್ (ಬೋರಿನ ಮೇಲೆ ಕಲ್ಲಿನಿಂದ ಗೋಡೆ ಉಜ್ಜುವುದು) ಆಗಿ ಬಂದ ಸಿಲಿಂಡರಿಗೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಹೆಣೆದ ಮಡಲಿನ ಹಾಗೆ ಒಂದನ್ನೊಂದು ಅಡ್ಡ ಕತ್ತರಿಸುವ ಸಣ್ಣ ಗೆರೆಗಳು ಕಾಣಬೇಕು. ಎರಡು ಗೆರೆ ಸೇರುವ ಕೋನ ಸುಮಾರು 45ರಿಂದ 60 ಡಿಗ್ರಿ. ಗೆರೆಯ ಏರಿನ ಮೇಲೆ ಪಿಸ್ಟನ್ನಿನ ಸುತ್ತ ಇರುವ ರಿಂಗ್ ಉಜ್ಜುತ್ತದೆ, ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ. ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಏರುಗಳ ತುದಿ ಸವೆದು, ರಿಂಗಿನ ಮುಖವೂ ಅಷ್ಟೇ ಸವೆದು, ಒಂದಕ್ಕೊಂದು ಹೊಂದಿಕೊಳ್ಳಬೇಕು. ರಿಂಗ್ ಕೂತಿತು ಎನ್ನುವುದು ಇದಕ್ಕೆ.

ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಬಿಗಿತಕ್ಕಿಂತ ಹೆಚ್ಚಾಗಿ ಉರಿದ ಗ್ಯಾಸಿನ ಒತ್ತಡ. ಅದು ರಿಂಗಿನ ಹಿಂಬದಿಗೆ ನುಗ್ಗಿ ಹೊರಕ್ಕೆ ದೂಡುತ್ತದೆ. ಲೋಡ್ ಇಲ್ಲದಿದ್ದರೆ ಆ ಒತ್ತಡ ಇಲ್ಲ. ಹೊಸ ಇಂಜಿನ್ ಎಂದು ಮುದ್ದು ಮಾಡಿ ಗಂಟೆಗಟ್ಟಲೆ ಸ್ಲೋನಲ್ಲಿ ಓಡಿಸಿಟ್ಟರೆ ರಿಂಗ್ ದಾಟಿ ಮೇಲೆ ಹೋದ ಆಯಿಲ್ ಗೋಡೆಯ ಮೇಲೆಯೇ ಸುಟ್ಟು ವಾರ್ನಿಶ್ ಹಿಡಿದ ಹಾಗೆ ತಗ್ಗನ್ನೆಲ್ಲ ತುಂಬಿಬಿಡುತ್ತದೆ. ಗೋಡೆ ಕನ್ನಡಿಯಂತೆ ಹೊಳೆಯುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಲೇ ಇರುತ್ತದೆ. ಅಲ್ಲಿಗೆ ಮತ್ತೆ ಹೆಡ್ ಇಳಿಸಿ, ಹೋನ್ ಮಾಡಿ, ಹೊಸ ರಿಂಗ್ ಹಾಕುವುದೇ ದಾರಿ.

ಹಾಗಾಗಿ ಮೊದಲ ಆಯಿಲ್‌ಗೆ ಎರಡು ತದ್ವಿರುದ್ಧ ಕೆಲಸ. ರಿಂಗ್ ಮತ್ತು ಗೋಡೆಯ ನಡುವೆ ಸ್ವಲ್ಪ ಉಜ್ಜಲು ಬಿಡಬೇಕು, ವಾಲ್ವ್ ತೆರೆಸುವ ಕ್ಯಾಮ್ ಮತ್ತು ಟ್ಯಾಪೆಟ್ಟಿನ ನಡುವೆ ಒಂದಿಷ್ಟೂ ಉಜ್ಜಲು ಬಿಡಬಾರದು. ಎರಡನೆಯ ಕೆಲಸ ಮಾಡುವುದು ಆಯಿಲ್‌ನಲ್ಲಿರುವ ಜಿಂಕ್-ಫಾಸ್ಫರಸ್ ಮದ್ದು. ಝೆಡ್‌ಡಿಡಿಪಿ ಎನ್ನುತ್ತಾರೆ. ಬಿಸಿ ಮತ್ತು ಒತ್ತಡ ಬಿದ್ದಲ್ಲಿ ಅದು ಲೋಹದ ಮೇಲೆ ತೆಳು ಪದರ ಕಟ್ಟುತ್ತದೆ. ಚಪ್ಪಟೆ ಟ್ಯಾಪೆಟ್ಟಿನ ಪುಶ್‌ರಾಡ್ ಇಂಜಿನ್‌ಗಳಲ್ಲಿ, ಹಳೆಯ ಬುಲೆಟ್ಟಿನಲ್ಲಿ, ಕ್ಯಾಮಿನ ಮೇಲೆ ರಾಕರ್ ಜಾರುವ ಹಳೆಯ ಮಾರುತಿ 796 ಸಿಸಿ ಇಂಜಿನ್‌ನಲ್ಲಿ ಈ ಪದರ ಇಲ್ಲದಿದ್ದರೆ ಕ್ಯಾಮಿನ ಮೂಗು ಮೊದಲ ಅರ್ಧ ಗಂಟೆಯಲ್ಲೇ ಹೋಗಬಹುದು. ಆಮೇಲೆ ಎಷ್ಟು ಟ್ಯಾಪೆಟ್ ಸೆಟ್ ಮಾಡಿದರೂ ಸದ್ದು ನಿಲ್ಲುವುದಿಲ್ಲ.

ಡಬ್ಬದ ಹಿಂಬದಿ ಓದುವುದು

ಮುಂಬದಿಯಲ್ಲಿ ಬರೆದ ‘ಅಲ್ಟ್ರಾ’, ‘ಟರ್ಬೊ’, ‘ಪ್ಲಸ್’ ಯಾವುದನ್ನೂ ನೋಡಬೇಕಾಗಿಲ್ಲ. ಹಿಂಬದಿಯ ಸಣ್ಣ ಅಕ್ಷರ ಸಾಕು.

ಪೆಟ್ರೋಲ್ ಕಾರಿನ ಹೊಸ ಆಯಿಲ್‌ಗಳಲ್ಲಿ, ಅಂದರೆ ಎಪಿಐ ಎಸ್‌ಎನ್, ಎಸ್‌ಪಿ ಎಂದಿರುವ 0ಡಬ್ಲ್ಯು-20, 5ಡಬ್ಲ್ಯು-30, 10ಡಬ್ಲ್ಯು-30 ದಪ್ಪದವುಗಳಲ್ಲಿ, ಫಾಸ್ಫರಸ್ಸನ್ನು 600ರಿಂದ 800 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ) ಒಳಗೇ ಇಡಬೇಕೆಂಬ ನಿಯಮ ಇದೆ. ಕಾರಣ ಇಂಜಿನ್ ಅಲ್ಲ, ಸೈಲೆನ್ಸರಿನಲ್ಲಿ ಹೊಗೆಯ ವಿಷ ತಗ್ಗಿಸುವ ಕೆಟಲಿಟಿಕ್ ಕನ್ವರ್ಟರ್. ಫಾಸ್ಫರಸ್ ಅದನ್ನು ಹಾಳುಮಾಡುತ್ತದೆ. ಡೀಸೆಲ್ ಆಯಿಲ್‌ಗಳಲ್ಲಿ ಸಿಐ-4ಕ್ಕೆ ಇಂಥ ಮೇಲ್ಮಿತಿ ಇಲ್ಲ, ಸಾಮಾನ್ಯವಾಗಿ 1000 ಪಿಪಿಎಂಗಿಂತ ಮೇಲೆಯೇ ಇರುತ್ತದೆ. ನಂತರ ಬಂದ ಸಿಜೆ-4, ಸಿಕೆ-4ಕ್ಕೆ ಮೇಲ್ಮಿತಿ 1200. ಅದೂ ಸಾಕು. ಬೈಕಿನ ಜಾಸೊ ಎಂಎ, ಎಂಎ2 ಮುದ್ರೆಗೆ 800ರಿಂದ 1200ರ ನಡುವೆ ಇರಲೇಬೇಕು. ಅಂದರೆ ಡಬ್ಬದಲ್ಲಿ ಜಿಂಕ್ ಎಷ್ಟು ಎಂದು ಬರೆಯದಿದ್ದರೂ ಆ ಎರಡು ಮೂರು ಅಕ್ಷರವೇ ನಮಗೆ ಹೇಳಿಬಿಡುತ್ತದೆ.

ಎಪಿಐಯ ದುಂಡು ಮುದ್ರೆಯ ಕೆಳಭಾಗದಲ್ಲಿ ‘ರಿಸೋರ್ಸ್ ಕನ್ಸರ್ವಿಂಗ್’ ಎಂದಿದ್ದರೆ ಆ ಡಬ್ಬವನ್ನು ಹಾಗೇ ಕಪಾಟಿಗೆ ವಾಪಸು ಇಡಿ. ಮೈಲೇಜ್ ಉಳಿಸಲು ಜಾರಿಕೆಯ ಮದ್ದು ಸೇರಿಸಿದ್ದಾರೆ ಎಂದು ಅರ್ಥ. ರಿಂಗ್ ಕೂತ ಮೇಲೆ ಅದು ಒಳ್ಳೆಯದೇ, ಕೂರುವ ಮೊದಲು ಬೇಡ.

15, 20 ಎಂದು ‘ಡಬ್ಲ್ಯು’ವಿನ ಹಿಂದೆ ಇರುವ ಅಂಕಿಗೆ ತಲೆ ಕೆಡಿಸಿಕೊಳ್ಳಬೇಡಿ. ಅದು ಚಳಿಯಲ್ಲಿ ಸ್ಟಾರ್ಟ್ ಮಾಡುವವರ ಲೆಕ್ಕ. ನಮ್ಮ ಕರಾವಳಿಯಲ್ಲಿ ಮಕರ ಮಾಸದ ಬೆಳಗ್ಗೆಯೂ 15ಡಬ್ಲ್ಯು, 20ಡಬ್ಲ್ಯು ಆಯಿಲ್ ಸಲೀಸಾಗಿ ಹರಿಯುತ್ತದೆ. ನೋಡಬೇಕಾದ್ದು ಕೊನೆಯ ಅಂಕಿ, 40 ಅಥವಾ 50. ಅದು ಇಂಜಿನ್ ಬಿಸಿಯಾದಾಗಿನ ದಪ್ಪ.

ಅಂಗಡಿಯ ಸಾಲಿನಲ್ಲಿ ಒಂದೊಂದಾಗಿ

ಮಿನರಲ್ 15ಡಬ್ಲ್ಯು-40, ಸಿಐ-4. ಇಂಡಿಯನ್ ಆಯಿಲ್‌ನ ಸರ್ವೋ ಪ್ರೈಡ್, ಎಚ್‌ಪಿಯ ಮಿಲ್ಸಿ, ಕ್ಯಾಸ್ಟ್ರಾಲ್ ಸಿಆರ್‌ಬಿ, ಶೆಲ್ ರಿಮುಲಾ, ಗಲ್ಫ್ ಸೂಪರ್‌ಫ್ಲೀಟ್, ಭಾರತ್ ಪೆಟ್ರೋಲಿಯಂನ ಮ್ಯಾಕ್ ಹೆಸರಿನ ಡೀಸೆಲ್ ಡಬ್ಬಗಳು ಇವೆಲ್ಲ ಡೀಸೆಲ್ ಆಯಿಲ್ ಸಾಲುಗಳು. ಒಂದೊಂದು ಸಾಲಿನಲ್ಲೂ ನಾಲ್ಕೈದು ಬಗೆ ಇರುವುದರಿಂದ ಹೆಸರು ಹೇಳಿ ತರಬೇಡಿ, ಗ್ರೇಡ್ ಹೇಳಿ ತನ್ನಿ. ಇವುಗಳೊಳಗೆ ಯಾವುದು ಮೇಲು ಎಂಬ ಚರ್ಚೆ ಮೊದಲ 500 ಕಿಲೋಮೀಟರಿನ ಮಟ್ಟಿಗೆ ವ್ಯರ್ಥ. ಗ್ರೇಡ್ ಒಂದೇ ಆದರೆ ಹತ್ತಿರದ ಪಂಪಿನಲ್ಲಿ ಯಾವುದು ಸಿಗುತ್ತದೋ ಅದೇ ಸರಿ. ಒಂದೇ ಕೊರತೆ, ಡೀಸೆಲ್ ಆಯಿಲ್‌ನಲ್ಲಿ ಮಸಿ ತೊಳೆಯುವ ಡಿಟರ್ಜೆಂಟ್ ಹೆಚ್ಚು. ಅದು ಜಿಂಕಿನ ಪದರ ಕಟ್ಟುವ ಜಾಗಕ್ಕೇ ಪೈಪೋಟಿಗೆ ಬರುತ್ತದೆ. ಅದಕ್ಕೇ ಕ್ಯಾಮಿಗೆ ಪೇಸ್ಟ್ ಸವರುವುದನ್ನು ಬಿಡಬಾರದು, ಮುಂದೆ ಹೇಳುತ್ತೇವೆ. ಪೆಟ್ರೋಲ್ ಇಂಜಿನ್‌ಗೆ ಹಾಕುವುದಾದರೆ ‘ಸಿಐ-4/ಎಸ್‌ಎಲ್’ ಎಂದು ಎರಡೂ ಇರುವ ಡಬ್ಬ ಹುಡುಕಿ.

‘ನಲ್ವತ್ತು ನಂಬರ್’. ಪಂಪ್‌ಸೆಟ್ಟಿನವರ ಹಳೆಯ ಸಂಗಾತಿ, ಎಸ್‌ಎಇ 40 ಮೊನೊಗ್ರೇಡ್. ನಿಧಾನಗತಿಯ ಒಂಟಿ ಸಿಲಿಂಡರಿನ ಪಂಪಿಗೆ, ಅದರ ಪ್ಲೇಟಿನಲ್ಲಿ ಹಾಗೆಯೇ ಬರೆದಿದ್ದರೆ, ಇದೇ ಹಾಕಿ. ಜೀಪಿಗೆ ಬೇಡ. ವಿಮಾನದವರು ಹೊಸ ಇಂಜಿನ್‌ಗೆ ಶುದ್ಧ ಮಿನರಲ್ ಆಯಿಲ್ ಹಾಕುತ್ತಾರೆ ಎಂಬ ವಾದ ಆಗಾಗ ಬರುತ್ತದೆ. ನಿಜ. ಲೈಕಮಿಂಗ್ ಕಂಪೆನಿ ತನ್ನ ಸಾಮಾನ್ಯ ಪಿಸ್ಟನ್ ಇಂಜಿನ್‌ಗಳಿಗೆ ಮೊದಲ 50 ಗಂಟೆ, ಅಥವಾ ಆಯಿಲ್ ಖರ್ಚು ಒಂದು ಹದಕ್ಕೆ ಬರುವವರೆಗೆ, ಅದನ್ನೇ ಹೇಳುತ್ತದೆ. ಆದರೆ ಅದೇ ಕಂಪೆನಿ ಟರ್ಬೊ ಇರುವ ಇಂಜಿನ್‌ಗಳಿಗೆ ಮೊದಲ ದಿನದಿಂದಲೇ ಅಂಥ ಆಯಿಲ್ ಬೇಡ ಎನ್ನುತ್ತದೆ. ಆಕಾಶದ ಏರ್‌ಕೂಲ್ಡ್ ಇಂಜಿನ್‌ನ ನಿಯಮವನ್ನು ಬೋಲೆರೊಗೆ ತಂದು ಹಾಕಬೇಕಾಗಿಲ್ಲ.

20ಡಬ್ಲ್ಯು-50. ಹಳೆಯ ಎರಕದ ಕಬ್ಬಿಣದ ಬುಲೆಟ್ಟಿಗೆ ಹೊಂದುತ್ತದೆ. ಆದರೆ ಬೇರಿಂಗ್ ಸಡಿಲ ಕೂತಿದೆ, ದಪ್ಪ ಆಯಿಲ್ ಹಾಕಿದರೆ ಪ್ರೆಷರ್ ತೋರಿಸುತ್ತದೆ ಎಂದು ಹಾಕುವುದು ಕಳ್ಳಲೆಕ್ಕ. ಗೇಜಿನ ಮುಳ್ಳು ಏರುತ್ತದೆ, ಹರಿಯುವ ಆಯಿಲ್ ಕಡಿಮೆಯಾಗುತ್ತದೆ. ಗ್ರೈಂಡ್ ಮಾಡಿದ ಕ್ರ್ಯಾಂಕಿಗೆ ಸರಿಯಾದ ಸೈಜಿನ ಬೇರಿಂಗ್ ಹಾಕುವುದಕ್ಕೆ ಇದು ಬದಲಿ ಅಲ್ಲ.

ಬೈಕಿನ ಮಿನರಲ್ 4ಟಿ. ಹೀರೊ ಬೈಕುಗಳಿಗೆ ಕಂಪೆನಿ ಹೇಳುವುದು 10ಡಬ್ಲ್ಯು-30, ಎಂಎ. ಪೇಟೆಯಲ್ಲಿ ರಾಶಿ ಬಿದ್ದಿರುವುದು 20ಡಬ್ಲ್ಯು-40. ಬೋರ್ ಆದ ಇಂಜಿನ್‌ಗೆ ನಮ್ಮ ಸೆಕೆಯಲ್ಲಿ ಯಾವುದನ್ನು ಹಾಕಿದರೂ ರಿಂಗ್ ಕೂರುತ್ತದೆ. ಸ್ಪ್ಲೆಂಡರ್ ತರಹದ ಬೈಕಿನಲ್ಲಿ ಕಾಗದದ ಫಿಲ್ಟರ್ ಇಲ್ಲ, ಒಂದು ಜಾಲರಿ ಮತ್ತು ಕ್ಲಚ್ ಬದಿಯಲ್ಲಿ ತಿರುಗುವ ಬಟ್ಟಲು ಅಷ್ಟೇ. ಇಂಜಿನ್ ಕೆಲಸದ ಹೊತ್ತಿಗೆ ಆ ಬಟ್ಟಲನ್ನು ಬಿಚ್ಚಿ ಒಳಗಿನ ಕರಿ ಮಣ್ಣನ್ನು ಕೆರೆದು ತೆಗೆಯದಿದ್ದರೆ ಹೊಸ ಆಯಿಲ್ ಹಾಕಿಯೂ ಹಳೆಯ ಕೊಳೆಯಲ್ಲೇ ಓಡಿಸಿದಂತೆ. ಸ್ಕೂಟರಿನ ಜಾಸೊ ಎಂಬಿ ಡಬ್ಬವನ್ನು ಮಾತ್ರ ಬೈಕಿಗೆ ಹಾಕಬೇಡಿ, ಕ್ಲಚ್ ಜಾರುತ್ತದೆ. ಡೀಸೆಲ್ ಆಯಿಲೂ ಹಾಗೆಯೇ, ಲೇಬಲ್ಲಿನಲ್ಲಿ ಜಾಸೊ ಎಂಎ ಎಂದು ಸ್ಪಷ್ಟ ಇಲ್ಲದಿದ್ದರೆ ಬೈಕಿನ ಹತ್ತಿರ ತರಬೇಡಿ. ಹಳೆಯ ಬುಲೆಟ್ ಇದಕ್ಕೆ ಹೊರತು. ಅದರ ಕ್ಲಚ್ಚಿಗೆ ಬೇರೆಯೇ ಆಯಿಲ್.

ಫುಲ್ ಸಿಂಥೆಟಿಕ್. ಸಿಂಥೆಟಿಕ್ ಹಾಕಿದರೆ ರಿಂಗ್ ಕೂರುವುದೇ ಇಲ್ಲ ಎಂಬುದು ಪೂರ್ತಿ ಸತ್ಯ ಅಲ್ಲ. ಫ್ಯಾಕ್ಟರಿಯಿಂದಲೇ ಸಿಂಥೆಟಿಕ್ ತುಂಬಿ ಬರುವ ಕಾರುಗಳು ಎಷ್ಟೋ ಇವೆ. ಆದರೆ ಅಲ್ಲಿ ಹೋನಿಂಗ್ ಮಾಡಿ, ಏರಿನ ತುದಿಗಳನ್ನು ಮತ್ತೊಂದು ನಯ ಕಲ್ಲಿನಿಂದ ಮೊದಲೇ ಸವರಿ ಕಳಿಸುತ್ತಾರೆ. ಕೈಯಲ್ಲಿ ಕಲ್ಲು ಹಿಡಿದು ಹೋನ್ ಮಾಡುವ ನಮ್ಮ ಲೇತಿನ ಕೆಲಸದಲ್ಲಿ ಆ ಕೊನೆಯ ಸವರಿಕೆ ಸಾಮಾನ್ಯವಾಗಿ ಇರುವುದಿಲ್ಲ, ಆ ಕೆಲಸ ರಿಂಗೇ ಮಾಡಿಕೊಳ್ಳಬೇಕು. ಇನ್ನೊಂದು, 50 ಕಿಲೋಮೀಟರಿಗೆ ಚೆಲ್ಲಬೇಕಾದ ಆಯಿಲ್‌ಗೆ ಅಷ್ಟು ಬೆಲೆ ಕೊಟ್ಟವನು ಚೆಲ್ಲುವುದಿಲ್ಲ. ‘ಇರಲಿ, ಸಾವಿರ ಆಗಲಿ’ ಎಂದು ಮುಂದೂಡುತ್ತಾನೆ. ದುಬಾರಿ ಆಯಿಲ್‌ನ ನಿಜವಾದ ಅಪಾಯ ಇದು.

ವಿದೇಶದ ಬ್ರೇಕ್-ಇನ್ ಆಯಿಲ್‌ಗಳು. ಡ್ರಿವನ್, ಲ್ಯೂಕಾಸ್, ಮಿಲ್ಲರ್ಸ್, ಪೆನ್‌ರೈಟ್ ಹೆಸರಿನಲ್ಲಿ ಇದಕ್ಕೆಂದೇ ಮಾಡಿದ ಆಯಿಲ್‌ಗಳಿವೆ. ಜಿಂಕ್ ಹೆಚ್ಚು, ಡಿಟರ್ಜೆಂಟ್ ಕಡಿಮೆ, ಜಾರಿಕೆಯ ಮದ್ದು ಇಲ್ಲ. ವಸ್ತು ಒಳ್ಳೆಯದೇ. ರೇಸಿನ ಕ್ಯಾಮ್, ಗಟ್ಟಿ ಸ್ಪ್ರಿಂಗ್ ಹಾಕಿದವರಿಗೆ ಅರ್ಥವಿದೆ. ತರಿಸಿಕೊಳ್ಳುವ ಖರ್ಚು ನೋಡಿದರೆ ಟ್ರಿಪ್ ಜೀಪಿಗೆ ಅಲ್ಲ.

ಜಿಂಕ್ ಬಾಟಲಿ, ‘ಇಂಜಿನ್ ಟ್ರೀಟ್‌ಮೆಂಟ್’ ಡಬ್ಬಿ. ಸಿಐ-4 ಹಾಕಿದ ಮೇಲೆ ಇದರ ಅಗತ್ಯ ಇಲ್ಲ. ಜಿಂಕ್ ಅತಿಯಾದರೆ ಅದೇ ಲೋಹವನ್ನು ತಿನ್ನುತ್ತದೆ. ಟೆಫ್ಲಾನ್, ಜಾರಿಕೆ, ‘ಹೊಗೆ ನಿಲ್ಲಿಸುವ’ ಅಂಟು ಇವು ಹೊಸ ರಿಂಗಿನ ಶತ್ರುಗಳು.

ಆಯಿಲ್‌ಗಿಂತ ಮೊದಲು ಬಕೆಟ್ ನೀರು

ಇದನ್ನು ವಿಮರ್ಶೆಯಲ್ಲಿ ಯಾಕೆ ತಂದಿರಿ ಎಂದು ಕೇಳಬಹುದು. ಆಯಿಲ್ ಸರಿ ಇಲ್ಲ ಎಂದು ದೂರುವ ಎಷ್ಟೋ ಇಂಜಿನ್‌ಗಳಲ್ಲಿ ಕೆಟ್ಟಿದ್ದು ಆಯಿಲ್ ಅಲ್ಲ, ತೊಳೆಯುವ ಕೆಲಸ. ಲೇತಿನಿಂದ ಬಂದ ಬ್ಲಾಕಿಗೆ ಡೀಸೆಲ್ ಹೊಡೆದು, ಗಾಳಿ ಊದಿ, ಒರೆಸಿ ಕೂರಿಸುವುದು ಸಾಮಾನ್ಯ ರೂಢಿ. ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆ ಇವು ಎಣ್ಣೆಯ ಜಿಡ್ಡು ತೆಗೆಯುತ್ತವೆ. ಹೋನಿಂಗ್ ಕಲ್ಲಿನ ಪುಡಿ ಗೆರೆಗಳ ತಗ್ಗಿನಲ್ಲಿ ಹಾಗೇ ಕೂತಿರುತ್ತದೆ. ಅದು ಅರದ ಪುಡಿಯೇ. ಯಾವ ಆಯಿಲ್ ಹಾಕಿದರೂ ಅದನ್ನು ಹೊತ್ತುಕೊಂಡು ಬೇರಿಂಗಿಗೆ ಮುಟ್ಟಿಸುತ್ತದೆ.

ಬೇಕಾದ್ದು ಬಿಸಿನೀರು, ಬಟ್ಟೆ ಒಗೆಯುವ ಸೋಪಿನ ಪುಡಿ, ಗಟ್ಟಿ ನೈಲಾನ್ ಬ್ರಷ್. ಗೆರೆಯ ಉದ್ದಕ್ಕೂ ಉಜ್ಜಿ ತೊಳೆಯಿರಿ, ಬ್ಲಾಕಿನ ಆಯಿಲ್ ತೂತುಗಳಿಗೂ ಉದ್ದ ಬ್ರಷ್ ಹಾಕಿ. ನೀರು ಆರಿಸಿದ ಕೂಡಲೇ ಆಯಿಲ್ ಸವರಿ. ನಮ್ಮ ಹವೆಯಲ್ಲಿ ಅರ್ಧ ಗಂಟೆ ಬಿಟ್ಟರೂ ಕೆಂಪು ತುಕ್ಕಿನ ಛಾಯೆ ಬಂದುಬಿಡುತ್ತದೆ, ಮಳೆಗಾಲದಲ್ಲಿ ಅಷ್ಟೂ ಬೇಡ. ಆಮೇಲೆ ಪರೀಕ್ಷೆ: ಹಳೆಯ ಬಿಳಿ ಪಂಚೆಯ ತುಂಡಿಗೆ ನಾಲ್ಕು ಹನಿ ಆಯಿಲ್ ಹಾಕಿ ಸಿಲಿಂಡರಿನ ಗೋಡೆಗೆ ಒತ್ತಿ ಒಂದು ಸುತ್ತು ಒರೆಸಿ. ಬಟ್ಟೆಯಲ್ಲಿ ಪೆನ್ಸಿಲ್ ಬಣ್ಣದ ಬೂದು ಕಲೆ ಬಂದರೆ ಇನ್ನೊಮ್ಮೆ ತೊಳೆಯಬೇಕು. ಬಟ್ಟೆಯಲ್ಲಿ ಆಯಿಲ್‌ನ ಹಳದಿ ಮಾತ್ರ ಉಳಿಯುವವರೆಗೆ. ಮೂರು ಸಲ, ನಾಲ್ಕು ಸಲ ಆಗಬಹುದು.

ರಿಂಗಿನ ಬಾಯಿಯ ಸಂದನ್ನು ಸಿಲಿಂಡರಿನೊಳಗೆ ಇಟ್ಟು ಫೀಲರ್ ಗೇಜಿನಿಂದ ಅಳೆಯಿರಿ. ಕಂಪೆನಿಯ ಅಂಕಿ ಕೈಯಲ್ಲಿಲ್ಲದಿದ್ದರೆ ಬೋರಿನ ಪ್ರತಿ 25 ಮಿ.ಮೀ.ಗೆ 0.10 ಮಿ.ಮೀ. ಎಂಬ ಲೆಕ್ಕ. 70 ಮಿ.ಮೀ. ಬೋರಿಗೆ 0.28 ಹತ್ತಿರ. ಸಂದು ತೀರ ಕಡಿಮೆಯಾದರೆ ಬಿಸಿಯಾದಾಗ ತುದಿಗಳು ಒಂದಕ್ಕೊಂದು ತಾಗಿ ಗೋಡೆಯನ್ನು ಗೀರಿಬಿಡುತ್ತವೆ, ಆಗ ಬೈಗುಳ ಬೀಳುವುದು ಆಯಿಲ್‌ಗೆ.

ಕ್ಯಾಮಿನ ಮೂಗುಗಳಿಗೆ, ಟ್ಯಾಪೆಟ್ಟಿನ ಅಡಿಗೆ ಮಾಲಿಬ್ಡಿನಂ ಇರುವ ಅಸೆಂಬ್ಲಿ ಪೇಸ್ಟ್ ಸವರಿ. ಬೇರಿಂಗುಗಳಿಗೆ ಧಾರಾಳ ಆಯಿಲ್. ರಿಂಗಿಗೆ ಮತ್ತು ಗೋಡೆಗೆ ಬೆರಳಿನಲ್ಲಿ ಹಚ್ಚಿದಷ್ಟು ಮಾತ್ರ. ಪೇಸ್ಟನ್ನು ಗೋಡೆಗೆ ಹಚ್ಚಿದರೆ ರಿಂಗ್ ಕೂರುವುದಕ್ಕೆ ನೀವೇ ಅಡ್ಡ ಹಾಕಿದಂತೆ.

ಮೊದಲ ಸೆಲ್ಫ್, ಮೊದಲ ಅರ್ಧ ಗಂಟೆ

ಫಿಲ್ಟರ್ ನೆಟ್ಟಗೆ ನಿಲ್ಲುವಂಥದ್ದಾದರೆ ಆಯಿಲ್ ತುಂಬಿಸಿಯೇ ಕೂರಿಸಿ. ಡೀಸೆಲ್ ಇಂಜಿನ್‌ನಲ್ಲಿ ಸ್ಟಾಪ್ ಕೇಬಲ್ ಎಳೆದು ಹಿಡಿದು, ಪೆಟ್ರೋಲಿನಲ್ಲಿ ಪ್ಲಗ್ ಬಿಚ್ಚಿ, ಹತ್ತು ಹದಿನೈದು ಸೆಕೆಂಡ್ ಸೆಲ್ಫ್ ಹೊಡೆಯಿರಿ, ಒಂದು ನಿಮಿಷ ಬಿಡಿ, ಮತ್ತೆ ಹೊಡೆಯಿರಿ. ಆಯಿಲ್ ಲೈಟ್ ಆರುವವರೆಗೆ ಸ್ಟಾರ್ಟ್ ಮಾಡುವ ಮಾತೇ ಇಲ್ಲ. ಹಳೆಯ ಬುಲೆಟ್ಟಿನಲ್ಲಿ ರಾಕರಿಗೆ ಹೋಗುವ ಹೊರಗಿನ ಪೈಪಿನ ನಟ್ ಸ್ವಲ್ಪ ಸಡಿಲಿಸಿ ಕಿಕ್ ಹೊಡೆದರೆ ಆಯಿಲ್ ಬಂತೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಪಂಪ್‌ಸೆಟ್ಟಿನಲ್ಲಿ ಡಿಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡಲನ್ನು ಇಪ್ಪತ್ತು ಮೂವತ್ತು ಸುತ್ತು ತಿರುಗಿಸಿ.

ಹೊಸ ಕ್ಯಾಮ್, ಹೊಸ ಟ್ಯಾಪೆಟ್ ಹಾಕಿದ ಪೆಟ್ರೋಲ್ ಇಂಜಿನ್ ಆದರೆ ಸ್ಟಾರ್ಟ್ ಆದ ಕೂಡಲೇ ಸ್ಲೋನಲ್ಲಿ ಬಿಡಬೇಡಿ. 1500ರಿಂದ 2500 ಆರ್‌ಪಿಎಂ ನಡುವೆ ಏರಿಳಿಸುತ್ತ 20ರಿಂದ 30 ನಿಮಿಷ ಇಡಿ. ಸ್ಲೋನಲ್ಲಿ ಕ್ಯಾಮಿನ ಮೇಲೆ ಚಿಮ್ಮುವ ಆಯಿಲ್ ಸಾಲದು, ಸ್ಪ್ರಿಂಗಿನ ಒತ್ತಡ ಮಾತ್ರ ಪೂರ್ತಿ ಬೀಳುತ್ತದೆ. ನೀರಿನ ಬಿಸಿಯ ಮೇಲೆ ಕಣ್ಣಿಡಿ, ಎದುರಿಗೊಂದು ಫ್ಯಾನ್ ಇಟ್ಟರೆ ಒಳ್ಳೆಯದು. ಹಳೆಯ ಕ್ಯಾಮ್, ಹಳೆಯ ಟ್ಯಾಪೆಟ್ಟನ್ನೇ ಅದದೇ ಜಾಗದಲ್ಲಿ ಹಾಕಿದ್ದರೆ ಈ ಶಾಸ್ತ್ರ ಬೇಡ. ಪ್ರೆಷರ್ ಬಂತು, ಸೋರಿಕೆ ಇಲ್ಲ ಎಂದಾದರೆ ರೋಡಿಗೆ ಇಳಿಸಿ.

ಯಾವ ರೋಡು? ಎನ್‌ಎಚ್ 66ರಲ್ಲಿ ಒಂದೇ ವೇಗದಲ್ಲಿ ಎಳೆಯುವುದು ಬೇಡ. ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾಟಿ ಅಡ್ಕಸ್ಥಳದ ಕಡೆ ಹೋಗುವ ದಾರಿಯಂಥ ಏರಿಳಿತದ ರೋಡು ಇದಕ್ಕೆ ಹೇಳಿ ಮಾಡಿಸಿದ್ದು. ಮೂರನೇ ಗೇರಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಆಕ್ಸಿಲರೇಟರ್ ಕೊಟ್ಟು 30ರಿಂದ 55ರವರೆಗೆ ಎಳೆಯಿರಿ, ಕಾಲು ತೆಗೆದು ಗೇರಿನಲ್ಲೇ ಇಳಿಯಲು ಬಿಡಿ. ಹೀಗೆ ಎಂಟು ಹತ್ತು ಸಲ. ಎಳೆಯುವಾಗ ಗ್ಯಾಸ್ ರಿಂಗನ್ನು ಒತ್ತುತ್ತದೆ. ಪೆಟ್ರೋಲ್ ಇಂಜಿನ್‌ನಲ್ಲಿ ಕಾಲು ತೆಗೆದಾಗ ಸಿಲಿಂಡರಿನ ಸೆಳೆತಕ್ಕೆ ಆಯಿಲ್ ಮೇಲೆ ಬಂದು ಸವೆದ ಪುಡಿಯನ್ನು ತೊಳೆದು ಇಳಿಸುತ್ತದೆ. ಫುಲ್ ಲೋಡ್ ಕೆಂಪುಕಲ್ಲು ಹೇರಿಕೊಂಡು ಪಾಣತ್ತೂರು ಘಾಟಿ ಹತ್ತುವುದು ಆ ವಾರ ಬೇಡ.

ಚೆಲ್ಲುವ ಲೆಕ್ಕ

ಮೊದಲನೆಯದು 50 ಕಿಲೋಮೀಟರಿಗೆ, ಅಥವಾ ಮೊದಲ ಓಡಾಟ ಮುಗಿಸಿ ಬಂದ ಬಿಸಿಯಲ್ಲೇ. ಫಿಲ್ಟರನ್ನೂ ತೆಗೆದು ಬಿಸಾಡಿ. ಎರಡನೆಯದು 500ಕ್ಕೆ, ಫಿಲ್ಟರ್ ಸಹಿತ. ಟ್ಯಾಪೆಟ್ ಸಂದನ್ನೂ ಆಗಲೇ ನೋಡಿಬಿಡಿ, ಗ್ಯಾಸ್ಕೆಟ್ ಕೇಳುವಂಥದ್ದಾದರೆ ಹೆಡ್ ಬೋಲ್ಟನ್ನೂ ಮತ್ತೊಮ್ಮೆ ಎಳೆಯಿರಿ. ಮೂರನೆಯದು 1500ಕ್ಕೆ. ಆಮೇಲೆ ಎಂದಿನ ಲೆಕ್ಕ. ಸಿಂಥೆಟಿಕ್ ಬೇಕೆಂಬ ಆಸೆ ಇದ್ದರೆ 3000ದ ನಂತರ ಹಾಕಿ, ಯಾರ ತಕರಾರೂ ಇಲ್ಲ. ಕೆಟಲಿಟಿಕ್ ಕನ್ವರ್ಟರ್ ಅಥವಾ ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಹೊಸ ಗಾಡಿಗೆ ಮೊದಲಿನಿಂದಲೂ ಕಂಪೆನಿ ಬರೆದ ಗ್ರೇಡೇ ಇರಲಿ. ಈ ಸಿಐ-4 ಮಾತು ಅವುಗಳಿಗಲ್ಲ.

ಮೊದಲು ಇಳಿಸಿದ ಆಯಿಲನ್ನು ನೇರ ಹಳೆಯ ಕ್ಯಾನಿಗೆ ಸುರಿಯಬೇಡಿ. ಸ್ಟೀಲ್ ತಟ್ಟೆಗೆ ಒಂದು ಲೋಟದಷ್ಟು ಹಿಡಿದು ಬಿಸಿಲಿಗೆ ಓರೆ ಮಾಡಿ. ಬೆಳ್ಳಿ ಬಣ್ಣ ಕಲಸಿದ ಹಾಗೆ ನಯವಾದ ಮಿನುಗು ಕಂಡರೆ ಹೆದರಬೇಕಾಗಿಲ್ಲ, ರಿಂಗ್ ಕೂರುತ್ತಿರುವುದರ ಗುರುತು ಅದು. ಡ್ರೈನ್ ನಟ್ಟಿನ ಹತ್ತಿರ ಆಯಸ್ಕಾಂತ ಹಿಡಿದು ಅದಕ್ಕೆ ಅಂಟಿದ ಬೂದು ಮುದ್ದೆಯನ್ನು ಎರಡು ಬೆರಳಿನ ನಡುವೆ ಉಜ್ಜಿ. ಕಾಡಿಗೆಯಂತೆ ನುಣ್ಣಗಿದ್ದರೆ ಸರಿ, ಮರಳಿನಂತೆ ಕರಕರ ಎಂದರೆ ಹೋನಿಂಗ್ ಪುಡಿ ಉಳಿದಿದೆ ಅಥವಾ ಕ್ಯಾಮ್ ತಿನ್ನುತ್ತಿದೆ. ಆಯಸ್ಕಾಂತಕ್ಕೆ ಅಂಟದ ಹಿತ್ತಾಳೆ ಬಣ್ಣದ ಚೂರು ಬುಷ್ ಅಥವಾ ಬೇರಿಂಗಿನದು, ಬಿಳಿ ಹಗುರ ಚೂರು ಪಿಸ್ಟನ್ನಿನದು. ಇವೆರಡರಲ್ಲಿ ಯಾವುದು ಕಂಡರೂ ಮುಂದೆ ಓಡಿಸಬೇಡಿ. ಹಾಲು ಕಲಸಿದ ಚಹಾದ ಬಣ್ಣ ಬಂದರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ನೋಡಿ. ಗೇಜ್ ಕಡ್ಡಿಯಲ್ಲಿ ಮಟ್ಟ ಇಳಿಯುವ ಬದಲು ಏರಿ ಡೀಸೆಲ್ ವಾಸನೆ ಹೊಡೆದರೆ ಇಂಜೆಕ್ಟರ್ ಅಥವಾ ಪಂಪಿನಿಂದ ಡೀಸೆಲ್ ಇಳಿಯುತ್ತಿದೆ. ಗೋಡೆಯ ಆಯಿಲ್ ತೊಳೆದುಹೋಗಿ ಹೊಸ ರಿಂಗ್ ಒಂದೇ ವಾರದಲ್ಲಿ ಮುಗಿಯುತ್ತದೆ.

ಇಳಿಸಿದ ಆಯಿಲನ್ನು ತೋಟದ ಕಣಿಗೆ ಬಿಡಬೇಡಿ. ನಮ್ಮ ಕಡೆ ಕಣಿಯ ನೀರು ಕೊನೆಗೆ ಸೇರುವುದು ಯಾರದಾದರೂ ಬಾವಿಗೋ ಹೊಳೆಗೋ.

ಮದ್ದು ಬಿಡುವ ಪಂಪು, ನೀರಿನ ಪಂಪು

ಅಡಿಕೆಗೆ ಮದ್ದು ಬಿಡುವ ಪಂಪಿನ ಇಂಜಿನನ್ನು ಮಳೆ ಹಿಡಿಯುವ ವಾರದ ಮೊದಲು ಬೋರ್ ಮಾಡಿಸಿ, ಮರುದಿನವೇ ಬೆಳಗ್ಗಿನಿಂದ ಸಂಜೆವರೆಗೆ ಫುಲ್ ಪ್ರೆಷರಿಗೆ ಹಾಕುವುದು ಇಲ್ಲಿಯ ಅತಿ ಸಾಮಾನ್ಯ ತಪ್ಪು. ಹೋಂಡಾ ಜಿಎಕ್ಸ್160 ತರಹದ ಸಣ್ಣ ಇಂಜಿನ್‌ಗೆ ಹಿಡಿಯುವುದು ಬರೀ 0.6 ಲೀಟರ್. ಅದರಲ್ಲಿ ಫಿಲ್ಟರ್ ಇಲ್ಲ, ಆಯಿಲ್ ಪಂಪ್ ಕೂಡ ಇಲ್ಲ. ಆಯಿಲನ್ನು ಚಿಮ್ಮಿಸಿಯೇ ಎಲ್ಲ ಕಡೆ ಮುಟ್ಟಿಸುವುದು. ಸವೆದ ಪುಡಿಯೆಲ್ಲ ಆ 600 ಮಿ.ಲೀ. ಒಳಗೇ ಸುತ್ತುತ್ತದೆ. ಹೊಚ್ಚ ಹೊಸ ಇಂಜಿನ್‌ಗೇ ಮೊದಲ ಬದಲಾವಣೆ 20 ಗಂಟೆಗೆ ಎಂದು ಕಂಪೆನಿ ಹೇಳುತ್ತದೆ. ಬೋರ್ ಆದದ್ದಕ್ಕೆ ಮೊದಲ ಒಂದು ಗಂಟೆ ಓಡಿದ ಮೇಲೆ, ಐದು ಗಂಟೆ ತುಂಬಿದಾಗ, 20 ಗಂಟೆ ತುಂಬಿದಾಗ, ಹೀಗೆ ಮೂರು ಸಲ ಬದಲಿಸಿ. ಮೂರಕ್ಕೂ ಸೇರಿ ಎರಡು ಲೀಟರ್ ಕೂಡ ಬೇಡ. 10ಡಬ್ಲ್ಯು-30 ಪುಸ್ತಕದ ಗ್ರೇಡ್. ನಮ್ಮ ಏಪ್ರಿಲ್-ಮೇ ಬಿಸಿಲಿಗೆ 15ಡಬ್ಲ್ಯು-40 ಕೂಡ ನಡೆಯುತ್ತದೆ. ಇಂಜಿನ್ ಮಟ್ಟಸ ಇಟ್ಟೇ ಆಯಿಲ್ ನೋಡಿ. ಕಟ್ಟಪುಣಿಯ ಇಳಿಜಾರಿನಲ್ಲಿ ಇಟ್ಟು ನೋಡಿದ ಮಟ್ಟ ಸುಳ್ಳು ಹೇಳುತ್ತದೆ.

5 ಎಚ್‌ಪಿ ಡೀಸೆಲ್ ಪಂಪಿಗೆ ಲೋಡ್ ಇಲ್ಲದ ಓಟ ಬೇಡವೇ ಬೇಡ. ನೀರೆತ್ತುತ್ತಲೇ ಓಡಲಿ, ಮೊದಲ ಐದಾರು ಗಂಟೆ ವಾಲ್ವ್ ತಿರುಗಿಸಿ ಅರ್ಧದಿಂದ ಮುಕ್ಕಾಲು ಲೋಡಿನಲ್ಲಿ.

ಎಲ್ಲಿ ಕೊಳ್ಳುವುದು

ಡೀಸೆಲ್ ಹಾಕಿಸಲು ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋಗುವವರ ಲೆಕ್ಕ ಸರಿ, ಆ ಕಡೆ ಅಗ್ಗ. ಆಯಿಲ್‌ಗಾಗಿ ದಾಟಬೇಕಾಗಿಲ್ಲ. ಡಬ್ಬದ ಎಂಆರ್‌ಪಿ ಎರಡೂ ಕಡೆ ಒಂದೇ, ರಿಯಾಯಿತಿ ಅಂಗಡಿಯವರ ಮರ್ಜಿ. ಸರ್ವೋ, ಎಚ್‌ಪಿ, ಮ್ಯಾಕ್ ಬೇಕಾದರೆ ಅದೇ ಕಂಪೆನಿಯ ಪೆಟ್ರೋಲ್ ಪಂಪಿನಿಂದ ತನ್ನಿ, ನಕಲಿ ಬೀಳುವ ಸಾಧ್ಯತೆ ಅಲ್ಲಿ ಕಡಿಮೆ. ಎಂಆರ್‌ಪಿಗಿಂತ ಅರ್ಧ ಬೆಲೆಗೆ ಸಿಗುವ ಡಬ್ಬದ ಮುಚ್ಚಳದ ಸೀಲನ್ನು, ಒಳಗಿನ ಹಾಳೆಯನ್ನು, ಬ್ಯಾಚ್ ನಂಬರನ್ನು ಎರಡು ಸಲ ನೋಡಿ. ನಕಲಿಯವರಿಗೆ ಬೇಕಾದ್ದು ಗುಜರಿಗೆ ಹೋದ ಅಸಲಿ ಕ್ಯಾನ್. ಹಾಗಾಗಿ ಖಾಲಿ ಕ್ಯಾನಿಗೆ ಸ್ಕ್ರೂಡ್ರೈವರಿನಿಂದ ಒಂದು ತೂತು ಹಾಕಿಯೇ ಗುಜರಿಗೆ ಕೊಡಿ.

ಐದು ಲೀಟರ್ ಹಿಡಿಯುವ ಜೀಪಿಗೆ ಮೂರು ಸಲಕ್ಕೆ 15 ಲೀಟರ್ ಬೇಕು. 5 ಲೀಟರಿನ ಮೂರು ಕ್ಯಾನಿಗಿಂತ 20 ಲೀಟರಿನ ಬಕೆಟ್ಟಿನಲ್ಲಿ ಲೀಟರಿನ ಬೆಲೆ ಸಾಮಾನ್ಯವಾಗಿ ಕಡಿಮೆ, ಉಳಿದ ಐದು ಲೀಟರ್ ಹೊತ್ತುಹೊತ್ತಿಗೆ ತುಂಬಿಸಲಿಕ್ಕೆ ಆಗುತ್ತದೆ. ಬಕೆಟ್ ಒಡೆದ ಮೇಲೆ ಮುಚ್ಚಳ ಭದ್ರ ಇರಲಿ, ಮಳೆಗಾಲದ ತೇವ ಒಳಗೆ ಇಳಿಯುತ್ತದೆ.

ಆ ಉಳಿದ ಆಯಿಲ್ ಎಷ್ಟು ಖರ್ಚಾಯಿತು ಎಂಬುದನ್ನು ಗೋಡೆಯ ಮೇಲೆ ಬರೆದಿಡಿ. ಪ್ರತಿ 100 ಕಿಲೋಮೀಟರಿಗೆ ಒಮ್ಮೆ, ಬೆಳಗ್ಗೆ ಇಂಜಿನ್ ತಣ್ಣಗಿರುವಾಗ, ಸಮತಟ್ಟಾದ ಜಾಗದಲ್ಲಿ ಕಡ್ಡಿ ನೋಡಿ, ಮೇಲಿನ ಗೆರೆಗೆ ಬರಲು ಎಷ್ಟು ಮಿ.ಲೀ. ಸುರಿಯಬೇಕಾಯಿತು ಎಂದು ತಾರೀಕಿನ ಜೊತೆ. ಮೊದಲ 500ರಲ್ಲಿ ಈ ಅಂಕಿ ಇಳಿಯುತ್ತ ಬಂದು ಒಂದು ಕಡೆ ನಿಂತರೆ ರಿಂಗ್ ಕೂತಿದೆ. ಇಳಿಯದಿದ್ದರೆ ಹೊಗೆಯನ್ನು ಗಮನಿಸಿ. ಆಕ್ಸಿಲರೇಟರ್ ಒತ್ತಿದಾಗ ನೀಲಿ ಬಂದರೆ ರಿಂಗ್, ಇಳಿಜಾರಿನಲ್ಲಿ ಕಾಲು ತೆಗೆದು ಬಂದು ಮತ್ತೆ ಒತ್ತಿದ ಕ್ಷಣದಲ್ಲಿ ಮಾತ್ರ ಒಂದು ಮುದ್ದೆ ನೀಲಿ ಬಂದರೆ ವಾಲ್ವ್ ಗೈಡ್ ಅಥವಾ ಸೀಲ್. ಎರಡನೆಯದಕ್ಕೆ ಬೋರಿಂಗಿನವರ ಜೊತೆ ಜಗಳಕ್ಕೆ ಹೋಗಬೇಡಿ, ಹೆಡ್ ಕೆಲಸ ಮಾಡಿದವರನ್ನು ಕೇಳಿ.